ಹಳೆಯ ಆಟಕ್ಕೆ ಹೊಸ ಯಂತ್ರ

ಹಳೆಯದನ್ನು ಉಳಿಸುವುದೆಂದರೆ ಹಳೆಯ ವಸ್ತುವನ್ನು ಪೆಟ್ಟಿಗೆಯಲ್ಲಿ ಕಾಪಿಡುವುದೆಂದೇ ನಾವು ಭಾವಿಸುತ್ತೇವೆ. ಇಂಗ್ಲೆಂಡಿನ ಪುಟ್ಟ ಗಣಕಯಂತ್ರವೊಂದರ ಕಥೆ ಬೇರೊಂದು ದಾರಿಯನ್ನು ತೋರುತ್ತದೆ.

1982ರಲ್ಲಿ ಅಲ್ಲಿನ ಸಿಂಕ್ಲೇರ್ ಸಂಸ್ಥೆಯು ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಎಂಬ ಗಣಕವನ್ನು ಹೊರತಂದಿತು. ಅದರ ಹೃದಯ ಝಡ್80 ಎಂಬ ಚಿಪ್; ಸ್ಮರಣೆ 16 ಅಥವಾ 48 ಕಿಲೋಬೈಟ್. ಮನೆಯ ಟಿ.ವಿ.ಯೇ ಪರದೆ. ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಹೊರರೂಪವನ್ನು ರಚಿಸಿದವರು ರಿಕ್ ಡಿಕಿನ್ಸನ್.

2017ರಲ್ಲಿ ಅಭಿಮಾನಿಗಳು ಮುಂಗಡವಾಗಿ ಹಣ ಕೂಡಿಸಿದರು. ‘ಸ್ಪೆಕ್ಟ್ರಮ್ ನೆಕ್ಸ್ಟ್’ ಎಂಬ ಹೊಸ ಗಣಕದ ನಿರ್ಮಾಣಕ್ಕೆ ಅದು ಆಧಾರವಾಯಿತು. ಅದರೊಳಗೆ ಝಡ್80 ಇಲ್ಲ. ಎಫ್‌ಪಿಜಿಎ ಎಂಬ ಚಿಪ್ ಇದೆ. ಆ ಚಿಪ್ಪಿಗೆ ತನ್ನದೆಂಬ ನಿಶ್ಚಿತ ಕೆಲಸವಿಲ್ಲ. ಕೊಟ್ಟ ವಿನ್ಯಾಸದಂತೆ ಒಳಗಿನ ಜೋಡಣೆಯನ್ನು ಮಾಡಿಕೊಂಡು, ಝಡ್80ರಂತೆಯೇ ನಡೆದು, ಹಳೆಯ ಆಟಗಳನ್ನು ಆಡಿಸುತ್ತದೆ. ಕ್ಯಾಸೆಟ್ಟಿನ ಬದಲಿಗೆ ಎಸ್‌ಡಿ ಕಾರ್ಡು ಸಾಕು.

ಹೊಸದಕ್ಕೂ ರೂಪ ಕೊಟ್ಟವರು ಡಿಕಿನ್ಸನ್ನರೇ. ಅವರು 2018ರಲ್ಲಿ ತೀರಿಕೊಂಡರು. ಯಂತ್ರವು ಜನರ ಮನೆ ಸೇರತೊಡಗಿದ್ದು 2020ರಲ್ಲಿ. 2024ರಲ್ಲಿ ಝೈಲಾಗ್ ಸಂಸ್ಥೆಯು ತನ್ನ ಮೂಲ ಝಡ್80 ಚಿಪ್ಪಿನ ಮಾರಾಟಕ್ಕೂ ಮುಕ್ತಾಯ ಸಾರಿತು.

ಕರ್ತೃವೂ ಉಳಿಯಲಿಲ್ಲ, ಚಿಪ್ಪೂ ಉಳಿಯಲಿಲ್ಲ; ಅರಿತು ಬರೆದಿಟ್ಟ ವಿನ್ಯಾಸ ಉಳಿಯಿತು. ನಮ್ಮ ಮನೆಗಳ ಹಿರಿಯರು ಬಲ್ಲ ವಿದ್ಯೆಯನ್ನೂ ಅವರು ಇರುವಾಗಲೇ ಕೇಳಿ ಬರೆದಿಡುವುದು ಲೇಸಲ್ಲವೇ?