ಬಾಲ್ಟಿಕ್ ಸಮುದ್ರದ ನಕ್ಷೆ ಮತ್ತು ಪಕ್ಕದ ಮನೆಯವರು

ಕಳೆದ ಎರಡು ವಾರದಿಂದ ರಾತ್ರಿ ಊಟ ಮುಗಿಸಿ ನಾನು ಏನು ಮಾಡ್ತಾ ಇದ್ದೇನೆ ಅಂತ ಹೇಳಿದರೆ ನಗ್ತೀರಿ. ಬಾಲ್ಟಿಕ್ ಸಮುದ್ರದ ನಕ್ಷೆ ನೋಡ್ತಾ ಕೂತಿರುತ್ತೇನೆ! ಆಫೀಸಿನಲ್ಲಿ ನನ್ನ ಕೆಲಸವೂ ನಕ್ಷೆಯ ಡೇಟಾ ಜೋಡಿಸೋದೇ. ಆದ್ದರಿಂದ ಹಗಲಿನ ಚಟ ರಾತ್ರಿಗೂ ಮುಂದುವರಿದಿದೆ ಅಂದುಕೊಳ್ಳಿ.

ಇದು ಮ್ಯಾರಿಟೈಮ್ ಸ್ಪೇಷಿಯಲ್ ಪ್ಲಾನಿಂಗ್ ಅನ್ನೋ ದೊಡ್ಡ ಹೆಸರಿನ ವಿಷಯ. ಸರಳವಾಗಿ ಹೇಳಿದರೆ ಕಡಲಿನ ಜಾಗ ಹಂಚಿಕೆ. ಹಡಗು ಎಲ್ಲಿ ಹೋಗಬೇಕು, ಬಲೆ ಎಲ್ಲಿ ಬೀಸಬೇಕು, ಗಾಳಿಯಂತ್ರ ಎಲ್ಲಿ ನಿಲ್ಲಿಸಬೇಕು, ಕೇಬಲ್ ಎಲ್ಲಿ ಹಾಯಬೇಕು, ಯಾವ ಜಾಗವನ್ನು ಮುಟ್ಟಲೇಬಾರದು ಅಂತ ಮೊದಲೇ ಕೂತು ನಿರ್ಧರಿಸೋದು. ಊರಿಗೆ ಬಡಾವಣೆ ನಕ್ಷೆ ಮಾಡ್ತಾರಲ್ಲ, ಹಾಗೆ. ಆದರೆ ಇಲ್ಲಿ ನೆಲ ಇಲ್ಲ, ಬೇಲಿ ಇಲ್ಲ, ಮೀನಿಗೆ ಸರ್ವೆ ನಂಬರ್ ಗೊತ್ತಿಲ್ಲ :)

ಬಾಲ್ಟಿಕ್ ಒಂದು ವಿಚಿತ್ರ ಸಮುದ್ರ. ಸರಾಸರಿ ಆಳ 55 ಮೀಟರಿನ ಆಸುಪಾಸು, ಅಷ್ಟೇ. ನೀರು ಪೂರ್ತಿ ಉಪ್ಪೂ ಅಲ್ಲ, ಪೂರ್ತಿ ಸಿಹಿಯೂ ಅಲ್ಲ. ಹೊರಗಿನ ಸಮುದ್ರಕ್ಕೆ ಡೆನ್ಮಾರ್ಕಿನ ಹತ್ತಿರದ ಕಿರಿದಾದ ಬಾಗಿಲು ಮಾತ್ರ. ಒಳಗಿನ ನೀರು ಪೂರ್ತಿ ಬದಲಾಗೋಕೆ 25-30 ವರ್ಷ ಬೇಕಂತೆ. ಒಬ್ಬ ಸುರಿದ ಕೊಳಕು ಎಲ್ಲರ ಮನೆ ಮುಂದೆಯೂ ಸುತ್ತುತ್ತಾ ಇರುತ್ತೆ. ಸುತ್ತ ಒಂಬತ್ತು ದೇಶಗಳು. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್, ಜರ್ಮನಿ, ರಷ್ಯಾ. ನಮ್ಮ ವಠಾರದಲ್ಲಿ ಎಲ್ಲರಿಗೂ ಒಂದೇ ಬಾವಿ ಇದ್ದ ಹಾಗೆ.

ಇವರು ಮಾತಾಡೋಕೆ ಶುರು ಮಾಡಿದ್ದು ಇಂದು ನಿನ್ನೆಯಲ್ಲ. ಶೀತಲ ಸಮರದ ನಡುವೆಯೇ, 1974ರಲ್ಲಿ, ಎರಡೂ ಬಣದವರು ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದರು. ಅದನ್ನು ನಡೆಸೋ ಆಯೋಗಕ್ಕೆ ಹೆಲ್ಕಾಮ್ ಅಂತ ಹೆಸರು. 2010ರಲ್ಲಿ ಹೆಲ್ಕಾಮ್ ಮತ್ತು ವಾಸಾಬ್ ಅನ್ನೋ ಇನ್ನೊಂದು ಸಹಕಾರ ವೇದಿಕೆ ಸೇರಿ ಕಡಲಿನ ಜಾಗ ಹಂಚಿಕೆಗೇ ಅಂತ ಒಂದು ಜಂಟಿ ಗುಂಪು ಕಟ್ಟಿದವು. 2014ರಲ್ಲಿ ಯುರೋಪಿಯನ್ ಯೂನಿಯನ್ ಕಾನೂನನ್ನೇ ಮಾಡಿ, ಕಡಲಿರೋ ಸದಸ್ಯ ದೇಶಗಳೆಲ್ಲ 2021ರ ಮಾರ್ಚ್ 31ರೊಳಗೆ ಯೋಜನೆ ಮುಗಿಸಬೇಕು, ಪಕ್ಕದವರ ಜೊತೆ ಸಹಕರಿಸಬೇಕು ಅಂತ ಹೇಳಿತು. ಕೆಲವರು ಸಮಯಕ್ಕೆ ಮುಗಿಸಿದರು, ಕೆಲವರು ತಡ ಮಾಡಿದರು. ಸ್ವೀಡನ್, ಎಸ್ಟೋನಿಯಾ 2022ರಲ್ಲಿ ಮುಗಿಸಿದವು. (ಡೆಡ್‌ಲೈನ್ ಅಂದರೆ ಎಲ್ಲ ಕಡೆ ಒಂದೇ ಕಥೆ ಬಿಡಿ.)

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಈಗ ನನ್ನ ತಕರಾರಿಗೆ ಬರ್ತೀನಿ.

ದೇಶಗಳ ಸರ್ವರುಗಳಿಂದಲೇ ಡೇಟಾ ಎಳೆದು ಎಲ್ಲರ ಯೋಜನೆಯನ್ನೂ ಒಂದೇ ನಕ್ಷೆಯಲ್ಲಿ ತೋರಿಸೋ ಒಂದು ಸಾಧನ ಇದೆ, ಬೇಸ್‌ಮ್ಯಾಪ್ಸ್ ಅಂತ. ಕೆಲಸದ ದೃಷ್ಟಿಯಿಂದ ನೋಡಿದರೆ ತುಂಬಾ ಒಳ್ಳೆಯ ಪ್ರಯತ್ನ. ಆದರೆ ಪದರಗಳನ್ನು ಒಂದರ ಮೇಲೊಂದು ಹಾಕಿ ನೋಡಿದರೆ ನನಗೆ ಆಫೀಸಿನ ನೆನಪೇ ಬರುತ್ತೆ. ಬಣ್ಣ ಒಂದೇ, ಅರ್ಥ ಬೇರೆ. ಜರ್ಮನಿಯಲ್ಲಿ ಯೋಜನೆಗೆ ಕಾನೂನಿನ ಬಲ ಇದೆ. ಅದರಲ್ಲೂ 'ಆದ್ಯತೆಯ ಜಾಗ' ಬೇರೆ, 'ಕಾಯ್ದಿರಿಸಿದ ಜಾಗ' ಬೇರೆ. ಪೋಲೆಂಡಿನದೂ ಕಡ್ಡಾಯ. ಸ್ವೀಡನ್ನಿನದು ಬರೀ ಮಾರ್ಗದರ್ಶಿ. ಫಿನ್‌ಲ್ಯಾಂಡಿನದಂತೂ ಮುಂದಿನ ದಿನಗಳ ಚಿತ್ರ ಅಷ್ಟೇ, ಯಾರನ್ನೂ ಕಟ್ಟಿಹಾಕೋದಿಲ್ಲ. ಹೀಗಿರುವಾಗ ಗೆರೆಯ ಈಚೆಯ 'ಇಲ್ಲಿ ಗಾಳಿಯಂತ್ರ' ಅನ್ನೋದೂ ಆಚೆಯ 'ಇಲ್ಲಿ ಗಾಳಿಯಂತ್ರ' ಅನ್ನೋದೂ ಒಂದೇ ಮಾತು ಹೇಗಾಗುತ್ತೆ? ಎರಡು ಟೀಮು ಬೇರೆ ಬೇರೆ ಕೂತು ಬರೆದ ಕೋಡ್ ಇದು. ಅವರವರ ಟೆಸ್ಟು ಪಾಸು. ಒಟ್ಟಿಗೆ ಸೇರಿಸಿದ ದಿನ ಗೊತ್ತಾಗುತ್ತೆ ಬಣ್ಣ.

ಒಂದು ಜಾಗ ನೋಡಿ. ಸ್ವೀಡನ್ ಮತ್ತು ಪೋಲೆಂಡ್ ನಡುವೆ ಕಡಲ ಮಧ್ಯೆ ಮಿಡ್‌ಷೋ ಅನ್ನೋ ಆಳವಿಲ್ಲದ ದಿಬ್ಬಗಳಿವೆ. ಗಡಿಗೆರೆ ದಕ್ಷಿಣದ ದಿಬ್ಬದ ಮೇಲೇ ಹಾಯುತ್ತೆ. ಬಾಲ್ಟಿಕ್ಕಿನಲ್ಲಿ ಹಾರ್ಬರ್ ಪಾರ್ಪಾಯ್ಸ್ ಅಂತ ಡಾಲ್ಫಿನ್ನಿನ ದಾಯಾದಿಯಂಥ ಒಂದು ಪುಟ್ಟ ಜೀವಿ ಇದೆ. 2011ರಿಂದ 2013ರವರೆಗೆ ಹಲವು ದೇಶಗಳ ವಿಜ್ಞಾನಿಗಳು ನೀರೊಳಗೆ ಮೈಕ್ ಇಳಿಸಿ ಅದರ ಸದ್ದು ಆಲಿಸಿದಾಗ ಸಿಕ್ಕ ಅಂದಾಜು ಸುಮಾರು 500. ಇಡೀ ಮಧ್ಯ ಬಾಲ್ಟಿಕ್ಕಿಗೆ ಐನೂರು! ನಮ್ಮ ಆಫೀಸಿನ ಒಂದು ಮಹಡಿಯಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದೇವೆ. ಬೇಸಿಗೆಯಲ್ಲಿ ಅವು ಸೇರೋದು ಇದೇ ದಿಬ್ಬಗಳ ಸುತ್ತ, ಮರಿ ಹಾಕೋದೂ ಆಗಲೇ. ಇದು ಗೊತ್ತಾದ ಮೇಲೆ ಸ್ವೀಡನ್ 2016ರಲ್ಲಿ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ಜಾಗವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಆ ಪ್ರದೇಶ ಗಡಿಗೆರೆಗೆ ಬಂದು ನಿಂತುಬಿಡುತ್ತೆ. ಆಚೆ ಪೋಲೆಂಡಿನ 2021ರ ಯೋಜನೆಯಲ್ಲಿ ಅದೇ ದಿಬ್ಬದ ಹತ್ತಿರದ ಜಾಗ ಗಾಳಿಯಂತ್ರಕ್ಕೆ.

ಪೋಲೆಂಡನ್ನು ನಾನು ಬೈಯುತ್ತಿಲ್ಲ. ಕಲ್ಲಿದ್ದಲು ಬಿಡಬೇಕಾದ ದೇಶ ಅದು, ಕಡಲ ಗಾಳಿ ಬಿಟ್ಟರೆ ಇನ್ನೇನು ಮಾಡ್ತಾರೆ? ಸ್ವೀಡನ್ ಕಡೆಯಲ್ಲೂ ಅದೇ ದಿಬ್ಬದ ಮೇಲೆ ಕಣ್ಣಿಟ್ಟಿದ್ದ ಕಂಪನಿಗಳು ಇದ್ದವು. ನನ್ನ ಮಾತು ಇಷ್ಟೇ. ಕಂಬವನ್ನು ಸುತ್ತಿಗೆಯಿಂದ ಸಮುದ್ರದ ತಳಕ್ಕೆ ಬಡಿಯೋ ಸದ್ದು ಹತ್ತಾರು ಕಿಲೋಮೀಟರ್ ಹೋಗುತ್ತೆ, ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸೋಕೆ ನಿಲ್ಲಲ್ಲ. ಜರ್ಮನಿಯಲ್ಲಿ ಆ ಸದ್ದು 750 ಮೀಟರ್ ದೂರದಲ್ಲಿ 160 ಡೆಸಿಬಲ್ ದಾಟಬಾರದು ಅಂತ ಮಿತಿ ಇದೆ. ಅದಕ್ಕಾಗಿ ಕಂಬದ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸುತ್ತಾರೆ. ಇಂಥ ಮಿತಿ, ಬಡಿಯಬಾರದ ತಿಂಗಳುಗಳು, ಇವೆಲ್ಲ ಇಡೀ ದಿಬ್ಬಕ್ಕೆ ಒಂದೇ ಇರಬೇಕಲ್ವಾ? ಗೆರೆಯ ಆಚೆಗೊಂದು ಈಚೆಗೊಂದು ಇದ್ದರೆ ಆ ಐನೂರು ಜೀವ ಯಾವ ಕಡೆ ಓಡಬೇಕು?

ಪಕ್ಕದ ದೇಶಕ್ಕೆ ತಿಳಿಸೋ ನಿಯಮ ಇಲ್ಲವೇ ಅಂದರೆ, ಇದೆ. 1991ರ ಎಸ್ಪೂ ಒಪ್ಪಂದದ ಪ್ರಕಾರ ಗಡಿಯಾಚೆ ಪರಿಣಾಮ ಆಗೋ ಯೋಜನೆ ಇದ್ದರೆ ನೋಟೀಸು ಕಳಿಸಬೇಕು, ಅಭಿಪ್ರಾಯ ಕೇಳಬೇಕು. ಆದರೆ ಸಾಮಾನ್ಯವಾಗಿ ಆ ಪತ್ರ ಹೋಗೋ ಹೊತ್ತಿಗೆ ಜಾಗ ಗೊತ್ತಾಗಿರುತ್ತೆ, ಬಣ್ಣ ಬಿದ್ದಿರುತ್ತೆ, ಕಂಪನಿ ದುಡ್ಡು ಹೂಡಿರುತ್ತೆ. ಮದುವೆ ಕಾರ್ಡ್ ಪ್ರಿಂಟಾದ ಮೇಲೆ ಹುಡುಗಿ ಒಪ್ಪಿಗೆಯಾ ಅಂತ ಕೇಳಿದ ಹಾಗೆ. ಸಹಕಾರ ಅಂದರೆ ಬಣ್ಣ ಹಚ್ಚೋಕೆ ಮುಂಚೆ, ಖಾಲಿ ಹಾಳೆ ಎದುರಿಗಿಟ್ಟುಕೊಂಡು ಕೂರೋದು. ಉಳಿದದ್ದು ಪತ್ರ ವ್ಯವಹಾರ.

ಆಗೋದೇ ಇಲ್ಲ ಅನ್ನಬೇಡಿ. ಕ್ರೀಗರ್ಸ್ ಫ್ಲಾಕ್ ಅನ್ನೋ ದಿಬ್ಬದಲ್ಲಿ ಡೆನ್ಮಾರ್ಕ್, ಜರ್ಮನಿ, ಸ್ವೀಡನ್ ಮೂರರ ಗಡಿ ಸೇರುತ್ತೆ. ಅಲ್ಲಿ ಡೆನ್ಮಾರ್ಕ್ ಮತ್ತು ಜರ್ಮನಿ ತಮ್ಮ ಗಾಳಿಯಂತ್ರಗಳ ಕೇಬಲ್‌ಗಳನ್ನು ಕಡಲಲ್ಲೇ ಜೋಡಿಸಿದವು. 2020ರಿಂದ ಗಾಳಿ ಇಲ್ಲದಾಗ ಅದೇ ತಂತಿಯಲ್ಲಿ ಎರಡು ದೇಶಗಳ ನಡುವೆ ಕರೆಂಟು ಹರಿಯುತ್ತೆ. ಸ್ವೀಡನ್ ಮೊದಲೇ ಹಿಂದೆ ಸರಿಯಿತು, ಆದರೂ ಉಳಿದಿಬ್ಬರು ಬಿಡಲಿಲ್ಲ. ಬೋರ್ನ್‌ಹೋಮ್ ದ್ವೀಪದ ದಕ್ಷಿಣಕ್ಕೆ ಡೆನ್ಮಾರ್ಕ್ ಮತ್ತು ಪೋಲೆಂಡ್ ದಶಕಗಟ್ಟಲೆ ಜಗಳ ಆಡಿಕೊಂಡಿದ್ದ ಜಾಗವೂ 2018ರ ಒಪ್ಪಂದದಲ್ಲಿ ಇತ್ಯರ್ಥ ಆಯಿತು.

2022ರಿಂದ ಪರಿಸ್ಥಿತಿ ಬೇರೆ. ಯುಕ್ರೇನಿನ ಮೇಲೆ ದಾಳಿ ಆದಮೇಲೆ ರಷ್ಯಾ ಜೊತೆಗಿನ ಮಾಮೂಲಿ ಸಭೆಗಳನ್ನು ಉಳಿದವರು ನಿಲ್ಲಿಸಿದರು. ಬೇರೆ ದಾರಿ ಇರಲಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಒಳ್ಳೆಯ ಸ್ನೇಹಿತರ ನಡುವೆಯೂ ಮಾತು ಕಮ್ಮಿ ಆದಂತಿದೆ. 2024ರ ನವೆಂಬರಿನಲ್ಲಿ ಸ್ವೀಡನ್ ಸರ್ಕಾರ ರಕ್ಷಣೆಯ ಕಾರಣ ಕೊಟ್ಟು ಬಾಲ್ಟಿಕ್ಕಿನ 13 ಗಾಳಿಯಂತ್ರ ಯೋಜನೆಗಳನ್ನು ಒಂದೇ ದಿನ ತಿರಸ್ಕರಿಸಿತು. ಎದುರು ದಡದಲ್ಲಿ ಪೋಲೆಂಡ್ ಕಟ್ಟುತ್ತಾ ಇದೆ. ಒಂದೇ ನೀರು, ಒಂದೇ ನೆರೆಯವನ ಭಯ, ತೀರ್ಮಾನ ಮಾತ್ರ ತದ್ವಿರುದ್ಧ. ಇಬ್ಬರೂ ಈಗ ನೇಟೋ ಸದಸ್ಯರು ಬೇರೆ! ರಾಡಾರಿಗೆ ಎಲ್ಲಿ ತೊಂದರೆ ಅನ್ನೋದನ್ನಾದರೂ ಒಟ್ಟಿಗೆ ಕೂತು ಗುರುತು ಮಾಡಬಹುದಿತ್ತು.

ಇದೆಲ್ಲ ನಿನಗ್ಯಾಕೋ ಅಂತ ನನ್ನ ರೂಮ್‌ಮೇಟ್ ಕೇಳಿದ. ಯಾಕೆ ಅಂದರೆ ನಮ್ಮ ದೇಶವೂ ಇದನ್ನು ಶುರು ಮಾಡಿದೆ. 2019ರಲ್ಲಿ ನಾರ್ವೆ ಜೊತೆ ಒಪ್ಪಂದ ಆಗಿ, ಪ್ರಯೋಗಕ್ಕೆ ಅಂತ ಪುದುಚೇರಿ ಮತ್ತು ಲಕ್ಷದ್ವೀಪವನ್ನು ಆರಿಸಿಕೊಂಡರು. ಪುದುಚೇರಿ ಪಟ್ಟಣದ ಎರಡೂ ಪಕ್ಕ ತಮಿಳುನಾಡಿನ ಕರಾವಳಿ ಅನ್ನೋದು ನೆನಪಿರಲಿ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ನಮ್ಮಲ್ಲಿ ರಾಜ್ಯಗಳ ಕೈಯಲ್ಲಿದೆ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಪಕ್ಕದ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಶುರುವಾಗೋದು ಜೂನ್ 9ರ ಮಧ್ಯರಾತ್ರಿಗೆ. ಬಂಗುಡೆ, ಬೂತಾಯಿಗಳು ಆ ಒಂಬತ್ತು ದಿನ ಕಾಸರಗೋಡಿಗೆ ಹೋಗಬಾರದು ಅಂತ ಯಾರು ಹೇಳಿಕೊಡ್ತಾರೆ? ತಾರೀಕು ಹೊಂದಿಸೋಕೇ ಇಷ್ಟು ಕಷ್ಟ ಆದರೆ ಜಾಗ ಹಂಚೋದು ಹೇಗೆ?

ಕರ್ನಾಟಕದ ಸರದಿ ಬಂದಾಗ ಕಾರವಾರದಲ್ಲೋ ಮಂಗಳೂರಲ್ಲೋ ಮೊದಲ ಸಭೆ ನಡೆಯುತ್ತಲ್ಲ, ಆ ಸಭೆಗೆ ಗೋವಾದವರನ್ನೂ ಕೇರಳದವರನ್ನೂ ಕರೀತಾರಾ, ಇಲ್ಲ ಕೊನೆಗೆ ಒಂದು ಪಿಡಿಎಫ್ ಕಳಿಸ್ತಾರಾ? ಕರಾವಳಿ ಕಡೆಯ ಗೆಳೆಯರು, ಮೀನುಗಾರಿಕೆ ಇಲಾಖೆಯಲ್ಲಿ ಪರಿಚಯ ಇರೋರು ಯಾರಾದರೂ ಇದ್ದರೆ ದಯವಿಟ್ಟು ಕೇಳಿ ನೋಡಿ, ನನಗೂ ತಿಳಿಸಿ.