ದಂಡವೂ ದರ್ಪವೂ

ಅರುವತ್ತು ದಾಟಿದ ಮಿತ್ರರೊಬ್ಬರು ಗಾಲ್ಫಿಗೆಂದು ಹೊಸ ಡ್ರೈವರ್ ಕೊಂಡರು; ಚೆಂಡನ್ನು ಅತಿದೂರಕ್ಕೆ ಅಟ್ಟುವ ಕೋಲು ಅದು. ಅದರ ಶಾಫ್ಟಿನ, ಎಂದರೆ ದಂಡದ, ಮೇಲೆ ‘ಎಸ್’ ಎಂಬ ಅಕ್ಷರ: ಬಿಗಿ ದಂಡವೆಂದು ಅರ್ಥ. ಯೌವನದಲ್ಲಿ ಹಿಡಿದದ್ದೂ ಅದೇ. ಅದಕ್ಕಿಂತ ಮೆದುವಾದ ‘ಆರ್’ ಹಿಡಿದರೆ ಮುಪ್ಪನ್ನು ಒಪ್ಪಿಕೊಂಡಂತಾಗುವುದಿಲ್ಲವೆ? ಚೆಂಡು ಮಾತ್ರ ಮೇಲೇಳದೆ, ಬಲಗಡೆಯ ಪೊದೆಯನ್ನೇ ಸೇರತೊಡಗಿತು.

ಬಾಗುವುದು ದಂಡದ ದೋಷವಲ್ಲ, ಧರ್ಮ. ಬೀಸುವಾಗ ಬಾಗಿ, ಹೊಡೆತದ ಕ್ಷಣಕ್ಕೆ ಮುಂದಕ್ಕೆ ಚಿಮ್ಮಿ, ಅದು ಚೆಂಡನ್ನು ಎತ್ತಲು ನೆರವಾಗಬೇಕು. ಬೀಸಿನ ವೇಗ ಗಂಟೆಗೆ 85ರಿಂದ 95 ಮೈಲಿಯಿದ್ದವರಿಗೆ ಸಾಮಾನ್ಯವಾಗಿ ‘ಆರ್’ ಒಗ್ಗುತ್ತದೆ, 105ರವರೆಗೆ ‘ಎಸ್’. ಆದರೆ ಈ ಅಕ್ಷರಗಳಿಗೆ ಸರ್ವಸಮ್ಮತವಾದ ಅಳತೆಯೇ ಇಲ್ಲ! ಒಬ್ಬ ತಯಾರಕನ ‘ಆರ್’ ಮತ್ತೊಬ್ಬನ ‘ಎಸ್’ನಷ್ಟೇ ಬಿಗಿಯಿರಬಹುದು. 1929ರಲ್ಲಿ ಸೇಂಟ್ ಆಂಡ್ರ್ಯೂಸಿನ ನಿಯಮಕರ್ತರು ಉಕ್ಕಿನ ದಂಡಕ್ಕೆ ಸಮ್ಮತಿಯೀಯುವ ಮುನ್ನ, ಹಿಕರಿ ಮರದ ದಂಡಗಳು ಒಂದರಂತೆ ಇನ್ನೊಂದಿರುತ್ತಿರಲಿಲ್ಲ. ಬೀಸಿ ನೋಡದೆ ಗುಣ ತಿಳಿಯುತ್ತಿರಲಿಲ್ಲ. ಇಂದಿನ ಗ್ರಾಫೈಟಿಗೂ ಅದೇ ಪರೀಕ್ಷೆ ತಕ್ಕದ್ದು.

ಕೊನೆಗೆ ಮಿತ್ರರು ವೇಗ ಅಳೆಯಿಸಿದರು: 86 ಮೈಲಿ. ಮರುಮಾತಿಲ್ಲದೆ ‘ಆರ್’ ಕೊಂಡರು. ದಂಡದ ಮೇಲಿನ ಅಕ್ಷರವನ್ನು ಕೆರೆದು ತೆಗೆಯಬಹುದೇ ಎಂದು ಮಾತ್ರ ಅಂಗಡಿಯವನನ್ನು ಮೆಲ್ಲಗೆ ವಿಚಾರಿಸಿದರು.