ಪ್ಲಾಟಿನಂ ಉಂಗುರ ಹಳದಿಯಾದರೆ ಬೆವರನ್ನು ದೂರಬೇಡಿ

ಒಡವೆ ಅಂಗಡಿಗಳಲ್ಲಿ ಈಗೀಗ ಒಂದು ಉತ್ತರ ಸಲೀಸಾಗಿ ಸಿಗುತ್ತಿದೆ: "ನಿಮ್ಮ ಬೆವರು ಹಾಗಿದೆ ಮೇಡಂ." ನಿಶ್ಚಿತಾರ್ಥದ ಪ್ಲಾಟಿನಂ ಉಂಗುರ ಬಣ್ಣಗೆಟ್ಟಿದೆ ಎಂದು ಹೋದವರನ್ನು ಈ ಒಂದೇ ಮಾತಿನಲ್ಲಿ ವಾಪಸ್ ಕಳಿಸುತ್ತಾರೆ. ಕೇಳಿದವರು ತಮ್ಮ ಮೈಯಲ್ಲೇ ಏನೋ ದೋಷವಿದೆ ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಈ ಮಾತು ಶುದ್ಧ ತಪ್ಪು. ಬೆವರಿಗೆ ಪ್ಲಾಟಿನಂ ಹಳದಿಯಾಗುವುದಿಲ್ಲ, ಕಪ್ಪಾಗುವುದಿಲ್ಲ. ಗಾಳಿ, ನೀರು, ಸೋಪು, ಹುಣಸೆಹುಳಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ಅದನ್ನು ಕರಗಿಸಲು ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳನ್ನು ಬೆರೆಸಿದ ಅಕ್ವಾ ರೀಜಿಯಾ ಬೇಕು, ಅದನ್ನೂ ಬಿಸಿ ಮಾಡಬೇಕು. ಅಂಥ ಲೋಹ ನಮ್ಮ ಬೆರಳಿನ ಬೆವರಿಗೆ ಸೋಲುವುದುಂಟೇ?

ಹಾಗಿದ್ದರೂ ಉಂಗುರ ಬಣ್ಣಗೆಡುತ್ತದೆ. ಕಾರಣ ಬೇರೆ ಇರುತ್ತದೆ, ಮತ್ತು ಹುಡುಕಿದರೆ ಬಹುಪಾಲು ಸಿಕ್ಕೇ ಸಿಗುತ್ತದೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮಗಳಿಗೆ ಕಳೆದ ವರ್ಷ ನಿಶ್ಚಿತಾರ್ಥವಾಯಿತು. ಹುಡುಗನ ಕಡೆಯವರು ವಜ್ರದ ಪ್ಲಾಟಿನಂ ಉಂಗುರ ಹಾಕಿದರು. ಮದುವೆಯ ದಿನ ಹತ್ತಿರ ಬರುವ ಹೊತ್ತಿಗೆ ಉಂಗುರದ ಅಡಿಭಾಗ ಹಳದಿಗೆ ತಿರುಗಿತ್ತು. ಇಂಥದ್ದು ಬರೀ ಉಂಗುರದ ವಿಷಯವಾಗಿ ಉಳಿಯುವುದಿಲ್ಲ. "ಬೀಗರು ಕಡಿಮೆ ಬೆಲೆಯದ್ದು ತಂದು ಪ್ಲಾಟಿನಂ ಅಂದರೇನೋ" ಎಂದು ಹುಡುಗಿಯ ಅತ್ತೆಯೊಬ್ಬರು ಮೆಲ್ಲಗೆ ಅಂದರಂತೆ. ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ಬೀಗರನ್ನು ಕೇಳಿದರೆ ಅವಮಾನ ಮಾಡಿದಂತೆ, ಕೇಳದಿದ್ದರೆ ಸಂಶಯ ಒಳಗೇ ಕೊರೆಯುತ್ತದೆ. ಅಂಗಡಿಯವರ ಒಂದು ಬೇಜವಾಬ್ದಾರಿ ಉತ್ತರ ಎರಡು ಮನೆಗಳ ನಡುವೆ ಏನೆಲ್ಲ ಮಾಡಬಹುದು ನೋಡಿ. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ಒಳಮೈಯಲ್ಲಿ ಪಿಟಿ 950 ಎಂಬ ಮುದ್ರೆ ಸ್ಪಷ್ಟವಾಗಿತ್ತು. ನೂರಕ್ಕೆ 95 ಪಾಲು ಪ್ಲಾಟಿನಂ, ಉಳಿದದ್ದು ರುಥೇನಿಯಂ, ಇರಿಡಿಯಂ ಅಥವಾ ಕೋಬಾಲ್ಟ್‌ನಂಥ ಮಿಶ್ರಲೋಹ ಎಂದು ಅದರ ಅರ್ಥ. ಮೇಲ್ಭಾಗ, ಹರಳು ಹಿಡಿದ ಕೊಕ್ಕೆಗಳು, ಎರಡೂ ಪಕ್ಕ ಎಲ್ಲ ಬೆಳ್ಳಗೇ ಇದ್ದವು. ಅಡಿಯಲ್ಲಿ ಮಾತ್ರ ಉಂಗುರದ ಅಗಲಕ್ಕೂ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆ, ಅದರ ಆಚೀಚೆ ಮಾಸಲು ಬಣ್ಣ. ಆಗ ಹುಡುಗಿಗೆ ನೆನಪಾಯಿತು: ನಿಶ್ಚಿತಾರ್ಥಕ್ಕೆ ಮೊದಲು ಉಂಗುರ ಸಡಿಲವಾಗಿತ್ತೆಂದು ಅಂಗಡಿಯಲ್ಲೇ ಕತ್ತರಿಸಿ ಅಳತೆ ಸರಿಮಾಡಿಸಿದ್ದರು.

ಗುಟ್ಟು ಇದ್ದದ್ದು ಆ ಬೆಸುಗೆಯಲ್ಲಿ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪ್ಲಾಟಿನಂಗೆ 1768 ಡಿಗ್ರಿ ಬೇಕು. ಚಿನ್ನದ ಕೆಲಸಕ್ಕೆ ಇಟ್ಟುಕೊಂಡ ಬರ್ನರ್ ಅಷ್ಟು ಶಾಖ ಕೊಡುವುದಿಲ್ಲ. ಪ್ಲಾಟಿನಂಗೆಂದೇ ಇರುವ ಬೆಸುಗೆ ಹಾಕಬೇಕು, ಇಲ್ಲವೇ ಲೇಸರ್ ಯಂತ್ರದಲ್ಲಿ ಕೂಡಿಸಬೇಕು. ಎರಡೂ ಇಲ್ಲದ ಕಡೆ ಬಿಳಿ ಚಿನ್ನದ ಬೆಸುಗೆ ಹಾಕಿ, ಮೇಲೆ ರೋಡಿಯಂ ಲೇಪ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೊಸತರಲ್ಲಿ ಹೊಳೆಯುತ್ತದೆ. ಉಂಗುರದ ಅಡಿಭಾಗ ದಿನವಿಡೀ ಬಾಗಿಲ ಹಿಡಿ, ಪಾತ್ರೆ, ಸ್ಕೂಟರ್ ಹ್ಯಾಂಡಲ್ ಇವಕ್ಕೆ ಉಜ್ಜುತ್ತಲೇ ಇರುತ್ತದೆ. ಲೇಪ ಮೊದಲು ಸವೆಯುವುದೂ ಅಲ್ಲೇ, ಒಳಗಿನ ಬೆಸುಗೆಯ ಬಣ್ಣ ಹೊರಬೀಳುವುದೂ ಅಲ್ಲೇ. ಪ್ಲಾಟಿನಂ ಅಪ್ಪಟವಾಗಿಯೇ ಇತ್ತು, ಬೀಗರು ಮೋಸ ಮಾಡಿರಲಿಲ್ಲ. ತಪ್ಪು ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆದಿತ್ತು.

ಗೆರೆಯ ಫೋಟೋ ತೆಗೆದು, ಅಳತೆ ಸರಿಮಾಡಿದ ರಸೀದಿಯ ಪ್ರತಿ ಲಗತ್ತಿಸಿ ಲಿಖಿತ ದೂರು ಕೊಟ್ಟ ಮೇಲೆ ಬೆವರಿನ ಮಾತು ನಿಂತಿತು. ಹಳೆಯ ಬೆಸುಗೆ ತೆಗೆದು ಲೇಸರ್‌ನಲ್ಲಿ ಮತ್ತೆ ಕೂಡಿಸಿಕೊಟ್ಟರು, ಹಣ ಕೇಳಲಿಲ್ಲ.

ಇದಕ್ಕಿಂತ ಹೆಚ್ಚಾಗಿ ಆಗುವುದು ಬಿಳಿ ಚಿನ್ನದ ಗೊಂದಲ. ಹಳದಿ ಚಿನ್ನಕ್ಕೆ ನಿಕ್ಕಲ್ ಅಥವಾ ಪಲ್ಲಾಡಿಯಂ ಬೆರೆಸಿ ಬಿಳಿ ಚಿನ್ನ ಮಾಡುತ್ತಾರೆ. ಪೂರ್ತಿ ಬಿಳಿಯಾಗುವುದಿಲ್ಲವಾದ್ದರಿಂದ ಮೇಲೆ ರೋಡಿಯಂ ಲೇಪ. ದಿನಾ ಹಾಕಿಕೊಳ್ಳುವ ಉಂಗುರದಲ್ಲಿ ವರ್ಷ ಎರಡು ವರ್ಷಕ್ಕೆ ಆ ಲೇಪ ಸವೆದು ಹಳದಿ ಛಾಯೆ ಇಣುಕುತ್ತದೆ. ಅದು ಬಿಳಿ ಚಿನ್ನದ ಗುಣ, ಮತ್ತೆ ಲೇಪ ಹಾಕಿಸಿದರೆ ಸರಿ. ಆದರೆ ಪ್ಲಾಟಿನಂ ಎಂದು ಹೇಳಿ ಬಿಳಿ ಚಿನ್ನ ಕೊಟ್ಟಿದ್ದರೆ ಅದು ವಂಚನೆ. ಒಂದೇ ಮಾದರಿಯ ಎರಡು ಉಂಗುರಗಳಲ್ಲಿ ಪ್ಲಾಟಿನಂದು 18 ಕ್ಯಾರಟ್ ಬಿಳಿ ಚಿನ್ನದ್ದಕ್ಕಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ತೂಗುತ್ತದೆ. ಒಳಗೆ 18ಕೆ 750 ಎಂದಿದ್ದರೆ ಅದು ಚಿನ್ನ, ಸಂಶಯವೇ ಬೇಡ. ಕ್ಯಾರಟ್ ಮೀಟರ್‌ನಲ್ಲಿ ಪರೀಕ್ಷೆ ಮಾಡಿಸುವವರು ಒಂದನ್ನು ನೆನಪಿಡಿ: ಆ ಯಂತ್ರ ಹೆಚ್ಚಾಗಿ ಓದುವುದು ಮೇಲ್ಪದರವನ್ನು. ರೋಡಿಯಂ ಲೇಪವಿದ್ದರೆ ಲೆಕ್ಕ ತಪ್ಪಬಹುದು. ಲೇಪ ಸವೆದ ಜಾಗದಲ್ಲೂ ಓದಿಸಿ.

ಉಂಗುರ ಹಳದಿಯಾಗದೆ ಬರೀ ಬೂದುಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ ಗಾಬರಿ ಬೇಡ. ಸಣ್ಣ ಸಣ್ಣ ಗೀರುಗಳು ಸೇರಿ ಪ್ಲಾಟಿನಂಗೆ ಆ ಕಳೆ ಬರುತ್ತದೆ. ಗೀರು ಬಿದ್ದಾಗ ಲೋಹ ಪಕ್ಕಕ್ಕೆ ಸರಿಯುತ್ತದೆ, ಚಿನ್ನದ ಹಾಗೆ ಸವೆದು ಹೋಗುವುದು ಬಹಳ ಕಡಿಮೆ. ಪಾಲಿಶ್ ಮಾಡಿಸಿದರೆ ಮೊದಲಿನ ಹೊಳಪು ಬರುತ್ತದೆ. ಮಾರುವಾಗಲೇ ಇದನ್ನು ಹೇಳುವ ಅಂಗಡಿಯವರಿದ್ದಾರೆ, ಅವರ ಮೇಲೆ ನನಗೆ ಗೌರವವಿದೆ.

ಇನ್ನು ವಜ್ರ. ಲೋಹ ಚೆನ್ನಾಗಿದ್ದು ಹರಳೇ ಹಳದಿಯಾಗಿದೆ ಅನ್ನುವವರು ಮೊದಲು ಅದರ ಹಿಂಭಾಗ ನೋಡಬೇಕು. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಗಣಿಗಳಲ್ಲಿ ಜಿಡ್ಡು ಬಳಿದ ಮೇಜುಗಳ ಮೇಲೆ ಪುಡಿಗಲ್ಲನ್ನು ನೀರಿನೊಡನೆ ಹರಿಸಿ ವಜ್ರಗಳನ್ನು ಬೇರ್ಪಡಿಸುತ್ತಿದ್ದದ್ದು ಈ ಗುಣ ನೆಚ್ಚಿಕೊಂಡೇ. ನಮ್ಮ ಅಡುಗೆಮನೆಯಲ್ಲಿ ಎಣ್ಣೆ, ತುಪ್ಪ, ಅರಿಶಿನ ಸೇರಿ ಹರಳಿನ ಅಡಿಯಲ್ಲಿ ಒಂದು ಪದರ ಕಟ್ಟುತ್ತದೆ. ಅಲ್ಲಿಗೆ ಬೆಳಕು ಮಂಕಾಯಿತು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಉಂಗುರ ನೆನೆಸಿ, ಮಕ್ಕಳ ಮೆತ್ತನೆ ಬ್ರಷ್‌ನಲ್ಲಿ ಹಿಂದಿನಿಂದ ಉಜ್ಜಿ. ಸಿಂಕಿನ ತೂತು ಮುಚ್ಚಿರಲಿ.

ತೊಳೆದರೂ ಹೋಗದ ಬಿಳಿ ಮಬ್ಬಿದ್ದರೆ ವಿಷಯ ಗಂಭೀರ. ವಜ್ರ ಇಂಗಾಲವೇ ತಾನೆ, ಹರಳಿನ ಸಮೇತ ಉರಿಗೆ ಹಿಡಿದರೆ ಮೇಲ್ಮೈ ಸುಟ್ಟು ಮಬ್ಬಾಗುತ್ತದೆ. ಬಲ್ಲ ಕೆಲಸಗಾರರು ಮೊದಲೇ ಬೋರಿಕ್ ಆಮ್ಲದ ಲೇಪ ಕೊಟ್ಟಿರುತ್ತಾರೆ, ಇಲ್ಲವೇ ಹರಳು ಬಿಚ್ಚಿಡುತ್ತಾರೆ. ಅಳತೆ ಸರಿಮಾಡಿಸಿದ ಮೇಲೆ ಮಬ್ಬು ಬಂದಿದ್ದರೆ ಹೊಣೆ ಅಂಗಡಿಯದು, ಏಕೆಂದರೆ ಮತ್ತೆ ಸಾಣೆ ಹಿಡಿಸಿದರೆ ಹರಳಿನ ತೂಕವೇ ಇಳಿಯುತ್ತದೆ. ಬಣ್ಣ ಮುಚ್ಚಲು ಲೇಪ ಕೊಟ್ಟ ವಜ್ರಗಳೂ ಉಂಟು, ಬಿರುಕಿಗೆ ಗಾಜು ತುಂಬಿದವೂ ಉಂಟು. ಅವು ಶಾಖಕ್ಕೆ, ಆಮ್ಲಕ್ಕೆ ಕೆಡುತ್ತವೆ. ಹರಳಿಗೆ ಸಂಸ್ಕರಣೆ ಆಗಿದೆಯೇ ಎಂಬುದನ್ನು ಪ್ರಮಾಣಪತ್ರದಲ್ಲೇ ಓದಿಕೊಳ್ಳಿ, ಬಾಯಿಮಾತು ಬೇಡ.

ಈಗ ಸರ್ಕಾರಕ್ಕೆ ಹೇಳಬೇಕಾದ ಮಾತು. 2021ರ ಜೂನ್‌ನಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಯಿತು. ಈಗ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಲ್ಲ ಕಾಣುತ್ತದೆ. ಪ್ಲಾಟಿನಂಗೆ ಇಂಥ ಕಡ್ಡಾಯ ಸರ್ಕಾರಿ ಮುದ್ರೆ ಇಲ್ಲ. ಪ್ಲಾಟಿನಂ ಗಿಲ್ಡ್ ಇಂಟರ್‌ನ್ಯಾಷನಲ್ ಎಂಬ ಉದ್ಯಮದ ಸಂಸ್ಥೆ ತನ್ನ ಯೋಜನೆಗೆ ಸೇರಿದ ಅಂಗಡಿಗಳ ಮೂಲಕ ಶುದ್ಧತೆಯ ಪತ್ರ ಕೊಡಿಸುತ್ತದೆ, ಅಷ್ಟೇ. ಬ್ರಿಟನ್‌ನಲ್ಲಿ 1975ರಿಂದಲೇ ಅರ್ಧ ಗ್ರಾಂ ಮೀರಿದ ಪ್ಲಾಟಿನಂ ಒಡವೆಗೆ ಹಾಲ್‌ಮಾರ್ಕ್ ಬೇಕೇಬೇಕು. ಚಿನ್ನಕ್ಕೆ ಪರೀಕ್ಷಾ ಕೇಂದ್ರಗಳ ಜಾಲ ಕಟ್ಟಿದ ದೇಶಕ್ಕೆ ಪ್ಲಾಟಿನಂ ದೊಡ್ಡ ಹೊರೆಯಲ್ಲ. ಮಧ್ಯಮವರ್ಗದ ಮನೆಗಳು ಈಗ ನಿಶ್ಚಿತಾರ್ಥಕ್ಕೆ ಜೋಡಿ ಪ್ಲಾಟಿನಂ ಉಂಗುರ ಕೊಳ್ಳುತ್ತಿವೆ. ಬಿಐಎಸ್ ಇನ್ನು ತಡಮಾಡಬಾರದು.

ಅಲ್ಲಿಯತನಕ ಬಿಲ್ಲೇ ನಮಗೆ ಆಧಾರ. "ಡೈಮಂಡ್ ರಿಂಗ್, ಒಂದು" ಎಂದಷ್ಟೇ ಬರೆದ ಬಿಲ್ಲು ಒಪ್ಪಬೇಡಿ. ಲೋಹ ಯಾವುದು, ಶುದ್ಧತೆ ಎಷ್ಟು, ಹರಳು ಬಿಟ್ಟು ನಿವ್ವಳ ತೂಕ, ವಜ್ರದ ಪ್ರಮಾಣಪತ್ರದ ಸಂಖ್ಯೆ, ರೋಡಿಯಂ ಲೇಪ ಇದೆಯೋ ಇಲ್ಲವೋ ಎಲ್ಲ ಬರೆಸಿ. ಅಳತೆ ಸರಿಮಾಡಿಸಿದರೆ ಯಾವ ಬೆಸುಗೆ ಹಾಕಿದರು ಎಂಬುದೂ ರಸೀದಿಯಲ್ಲಿರಲಿ.

ಅಂಗಡಿಯವರು ಮಣಿಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಊರಿನಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನ್ನಿಸಿದರೆ ಉಂಗುರವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಹುಡುಗನ ಮನೆಯವರು ಕೊಂಡ ಉಂಗುರಕ್ಕೆ ಹುಡುಗಿ ದೂರು ಕೊಡಲಾದೀತೇ ಎಂದು ಮೇಷ್ಟ್ರು ಕೇಳಿದ್ದರು. ಕೊಡಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಕಣ್ಣಲ್ಲಿ ಗ್ರಾಹಕರೇ. ಗಡುವು ಮಾತ್ರ ಎರಡು ವರ್ಷ.